ಹಾಯಿದೋಣಿ ಹಗ್ಗ ಹರಿದ ದಿನ

ನಮ್ಮ ಮನೆಗೆ ದೋಣಿ ಬಂದದ್ದು ಲಾರಿಯ ಮೇಲೆ. ಅಪ್ಪ ಕೊಪ್ಪದವರೊಬ್ಬರ ಲಾರಿಗೆ ಡ್ರೈವರ್ ಆಗಿದ್ದ. ಇಲ್ಲಿಂದ ಮರದ ದಿಮ್ಮಿ ಘಟ್ಟದ ಕೆಳಗಿಳಿಸುವುದು, ಕರಾವಳಿಯಿಂದ ಹೆಂಚು, ಉಪ್ಪು ಮೇಲೆ ತರುವುದು ಅವನ ಕೆಲಸ. ಒಂದು ಸಲ ಹೆಂಚಿನ ಲೋಡಿನ ಮೇಲೆ ಹಳೆಯ ದೋಣಿಯೊಂದನ್ನು ಮಗುಚಿ ಹಾಕಿ, ಹಗ್ಗ ಬಿಗಿದು, ಘಾಟಿ ಹತ್ತಿಸಿಕೊಂಡು ಬಂದುಬಿಟ್ಟ. ಕೊಪ್ಪದಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಜನ ಸುತ್ತುಗಟ್ಟಿ, ಇದನ್ನ ಯಾವ ಸಮುದ್ರಕ್ಕೆ ಬಿಡ್ತೀಯ ಮಾರಾಯ ಎಂದು ನಕ್ಕರಂತೆ. ಅಪ್ಪನೂ ನಕ್ಕನಂತೆ. ನಮ್ಮ ಮನೆಯ ಮುಂದೆ ಲಾರಿ ನಿಂತಾಗ ಅಮ್ಮ ಬಟ್ಟೆ ಒಗೆಯುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ದೋಣಿಯನ್ನು ನೋಡಿ, ಅದರ ಹಲಗೆಯ ಮೇಲೆ ಹಸಿ ಕೈಯಿಟ್ಟು ಹಾಗೇ ನಿಂತಳು. ಅವಳು ಅಷ್ಟು ಹೊತ್ತು ಸುಮ್ಮನೆ ನಿಂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ನಾವಿದ್ದದ್ದು ನರಸಿಂಹರಾಜಪುರದಿಂದಾಚೆ, ಭದ್ರಾ ಹಿನ್ನೀರಿನೊಳಗೆ ನಾಲಗೆಯ ಹಾಗೆ ಚಾಚಿಕೊಂಡಿದ್ದ ಒಂದು ಬೋಳು ದಿಬ್ಬದ ಮೇಲೆ. ಅಣೆಕಟ್ಟು ಕಟ್ಟುವ ಕಾಲದಲ್ಲಿ ಸರ್ವೆಯವರು ಉಳಿದುಕೊಳ್ಳಲೆಂದು ಕಟ್ಟಿ, ಕೆಲಸ ಮುಗಿದ ಮೇಲೆ ಬಿಟ್ಟುಹೋದ ಎರಡು ಕೋಣೆಯ ತಗಡಿನ ಮಾಡಿನ ಕಟ್ಟಡವೇ ನಮ್ಮ ಮನೆ. ಮುಂದಿನ ಕೋಣೆಯ ಗೋಡೆಯಲ್ಲಿ ನಕ್ಷೆ ತೂಗುಹಾಕುತ್ತಿದ್ದ ಮೊಳೆಗಳ ಸಾಲು ಇನ್ನೂ ಇತ್ತು. ಅದರ ಮೇಲೆ ನಮ್ಮ ಬಟ್ಟೆಗಳು. ಮೊಳೆಗಳ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಮಾಡಿಟ್ಟ ಕೂಡಿಸುವ ಕಳೆಯುವ ಲೆಕ್ಕಗಳಿದ್ದವು. ನಾನು ಅಂಕಿ ಕಲಿತದ್ದು ಅವುಗಳನ್ನು ನೋಡಿಯೇ. ಹಿಂದಿನ ಕೋಣೆ ಅಡುಗೆಮನೆ. ಅಲ್ಲಿದ್ದ ಕಲ್ಲಿನ ಕಪಾಟುಗಳು ಅಮ್ಮನ ಕೈಗೆ ನಿಲುಕುತ್ತಿರಲಿಲ್ಲ. ಹಾಗಾಗಿ ಅವು ಖಾಲಿಯಾಗಿಯೇ ಇರುತ್ತಿದ್ದವು, ನಮ್ಮ ಪಾತ್ರೆಗಳೆಲ್ಲ ನೆಲದ ಮೇಲಿರುತ್ತಿದ್ದವು. ಮಾತಾಡಿದರೆ ತಗಡಿಗೆ ತಾಗಿ ಮಾತು ವಾಪಸು ಬರುತ್ತಿತ್ತು. ಅಪ್ಪ ಹದಿನೈದು ದಿನಕ್ಕೋ ಇಪ್ಪತ್ತು ದಿನಕ್ಕೋ ಒಮ್ಮೆ ಬರುತ್ತಿದ್ದ. ಉಳಿದಂತೆ ಆ ಮನೆಯಲ್ಲಿ ನಾವಿಬ್ಬರೇ. ಊಟಕ್ಕೆ ಎರಡು ತಟ್ಟೆ, ಮಲಗಲು ಒಂದು ಚಾಪೆ. ಹತ್ತಿರದ ಮನೆಗೆ ಅರ್ಧ ಗಂಟೆಯ ದಾರಿ. ಶಾಲೆಗೆ ಅಲ್ಲಿಂದಲೂ ಮುಂದೆ ನಡೆಯಬೇಕಿತ್ತು.

ಎದುರು ದಡದಲ್ಲಿ, ಸುಮಾರು ಒಂದು ಮೈಲಿಯಷ್ಟು ನೀರಿನಾಚೆ, ಅಪ್ಪನ ತಾಯಿಯ ಮನೆಯಿತ್ತು. ಬಿಸಿಲಿದ್ದಾಗ ಅದರ ಹೆಂಚು ಕಾಣುತ್ತಿತ್ತು. ಬೆಳಿಗ್ಗೆ ಒಲೆಯ ಹೊಗೆ ಕಾಣುತ್ತಿತ್ತು. ಪಡುವಣ ಗಾಳಿ ಬೀಸುವ ತಿಂಗಳುಗಳಲ್ಲಿ ಅವರ ದನಗಳ ಕೊರಳಗಂಟೆ, ಮಕ್ಕಳ ಕೂಗು, ಪೂಜೆಯ ಜಾಗಟೆ ನಮ್ಮ ಅಂಗಳದವರೆಗೂ ಬರುತ್ತಿದ್ದವು. ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅವರ ಮಕ್ಕಳು ಎಲ್ಲ ಅಲ್ಲಿದ್ದರು. ನಾನು ಅವರಲ್ಲಿ ಯಾರನ್ನೂ ನೋಡಿರಲಿಲ್ಲ. ಅವರದು ಕೊರಳಿಗೆ ಲಿಂಗ ಕಟ್ಟಿಕೊಂಡು ದಿನಾ ಪೂಜೆ ಮಾಡುವ ಮನೆ. ಅಪ್ಪ ಮದುವೆಯಾಗಿ ಕರೆತಂದದ್ದು ಕುಂದಾಪುರದ ಕಡೆಯ ಮೀನುಗಾರರ ಮನೆಯ ಹುಡುಗಿಯನ್ನು. ಮದುವೆಯಾದ ವಾರದಲ್ಲೇ ಅವನು ಅವಳನ್ನು ಕರೆದುಕೊಂಡು ಆ ಬಾಗಿಲಿಗೆ ಹೋಗಿದ್ದನಂತೆ. ಅಜ್ಜಿ ಒಳಗಿನಿಂದ ಬರಲೇ ಇಲ್ಲವಂತೆ. ಆಮೇಲೆ ಅಪ್ಪ ಈ ದಿಬ್ಬದ ಮೇಲೆ ಬಂದು ಮನೆ ಹೂಡಿದ. ಊರೆಲ್ಲ ಬಿಟ್ಟು ಇಲ್ಲೇ ಯಾಕೆ ಎಂದು ನಾನು ಕೇಳಿದ್ದಕ್ಕೆ ಅವನು ಕೊಟ್ಟ ಕಾರಣ, ಬಾಡಿಗೆ ಇಲ್ಲ ಎನ್ನುವುದು. ಆದರೆ ಮನೆಗೆ ಬಂದಾಗಲೆಲ್ಲ ಅವನು ಎದುರು ದಡ ಕಾಣುವ ಕಿಟಕಿಯ ಹತ್ತಿರವೇ ಕೂತು ಬೀಡಿ ಸೇದುತ್ತಿದ್ದ.

ಅಮ್ಮ ಆ ದೋಣಿಗೆ ಹಾಯಿ ಕಟ್ಟಿದಳು. ಮಿಲ್ ಬಟ್ಟೆಯ ಪಟ್ಟಿಗಳನ್ನು ಗೋಣಿ ಹೊಲಿಯುವ ದಬ್ಬಣದಿಂದ ಸೇರಿಸಿ, ಮೂಲೆಗಳಿಗೆ ಲಾರಿಯ ಹಳೆ ಟಾರ್ಪಾಲಿನ ತುಂಡು ಕೊಟ್ಟು, ಮತ್ತಿ ಮರದ ಚಕ್ಕೆ ಕುದಿಸಿದ ನೀರಲ್ಲಿ ಮೂರು ದಿನ ಅದ್ದಿಟ್ಟಳು. ಒಣಗಿದಾಗ ಅದು ಒಣಮೀನಿನ ಬಣ್ಣಕ್ಕೆ ತಿರುಗಿತ್ತು. ಅವಳ ಅಪ್ಪ, ಅಣ್ಣಂದಿರು ಹೀಗೇ ಮಾಡುತ್ತಿದ್ದರಂತೆ. ಹಿನ್ನೀರಿನಲ್ಲಿ ಹುಟ್ಟು ಹಾಕುವ ದೋಣಿಗಳು ಬೇರೆ ಇದ್ದವು, ಹಾಯಿಯದು ಇದೊಂದೇ. ದಡದಲ್ಲಿ ಬಲೆ ಬಿಡಿಸುತ್ತಿದ್ದ ಗಂಡಸರು ಮೊದಮೊದಲು ಕೂಗಿ ಗೇಲಿ ಮಾಡಿದರು. ಆಮೇಲೆ ಅವಳು ಗಾಳಿಗೆ ಎದುರಾಗಿಯೂ ಅಡ್ಡಡ್ಡ ಹೋಗಿ ಹೋಗಿ ಹೊರಟಲ್ಲಿಗೇ ವಾಪಸು ಬರುವುದನ್ನು ನೋಡಿ ಸುಮ್ಮನಾದರು. ಅಮ್ಮ ಮೀನು ಹಿಡಿದು ಪೇಟೆಯ ಹೋಟೆಲಿನವರಿಗೆ ಕೊಡುತ್ತಿದ್ದಳು. ಆದರೆ ಮೀನಿನ ನೆಪ ಇಲ್ಲದ ದಿನವೂ ಅವಳು ಹೋಗುತ್ತಿದ್ದಳು. ನನ್ನನ್ನು ಮುಂಭಾಗದ ಹಲಗೆಯ ಮೇಲೆ ಕೂರಿಸಿಕೊಂಡು, ಒಂದು ಕಾಲಿನಿಂದ ಚುಕ್ಕಾಣಿ ಒತ್ತಿ, ಕೈಯಲ್ಲಿ ಹಾಯಿಯ ಹಗ್ಗ ಹಿಡಿದು, ನನಗೆ ಅರ್ಥವಾಗದ ಊರುಗಳ, ಮೀನುಗಳ ಹೆಸರು ಹೇಳುತ್ತಿದ್ದಳು. ನೀರಿನ ಮೇಲೆ ಅವಳಿಗೆ ಬೇರೆಯೇ ಮುಖ. ದಡಕ್ಕೆ ಬಂದು, ಮುಳುಗಡೆಯಾದ ಯಾವುದೋ ಮನೆಯ ಗೇಟಿನ ಕಲ್ಲುಕಂಬಕ್ಕೆ ದೋಣಿ ಕಟ್ಟಿ ಮೇಲೆ ಬರುವಾಗ ಆ ಮುಖ ಹೋಗಿರುತ್ತಿತ್ತು. ದೋಣಿಯ ವಿಷಯದಲ್ಲಿ ಅವಳ ಕಟ್ಟಪ್ಪಣೆ ಒಂದೇ.

"ನಾನಿಲ್ದೆ ದೋಣಿ ಹತ್ತೂಕಾಗ. ಗೊತ್ತಾಯ್ತಾ ಹೆಣ್ಣೆ?"

ನನಗೆ ಒಂಬತ್ತು ವರ್ಷ. ದೀಪಾವಳಿ ಮುಗಿದು ಮೂಡಗಾಳಿ ಎದ್ದಿತ್ತು. ಹಿನ್ನೀರು ತುಂಬಿ ನಮ್ಮ ಮೆಟ್ಟಿಲಿನಿಂದ ಇಪ್ಪತ್ತು ಹೆಜ್ಜೆಗೆ ಬಂದಿತ್ತು. ಆ ಹಬ್ಬದ ಮೂರೂ ಸಂಜೆ ಎದುರು ದಡದಲ್ಲಿ ಹಚ್ಚಿದ ದೀಪಗಳನ್ನು ನಾನು ಕಿಟಕಿಯಲ್ಲಿ ಕೂತು ಎಣಿಸಿದ್ದೆ. ಅಪ್ಪ ಹಬ್ಬಕ್ಕೂ ಬಂದಿರಲಿಲ್ಲ. ಶಾಲೆಯಲ್ಲಿ ಒಬ್ಬಳು ನನಗೆ ಅಜ್ಜಿ ಮನೆಯ ವಿಷಯವನ್ನೆಲ್ಲ ಹೇಳಿದ್ದಳು, ಅವಳ ಮನೆಯಲ್ಲಿ ದೊಡ್ಡವರು ಮಾತಾಡಿದ್ದನ್ನು ಹಾಗೇ ಕಲಿತುಕೊಂಡು ಬಂದು. ಒಂದು ಭಾನುವಾರ ಮಧ್ಯಾಹ್ನ ಅಮ್ಮ ಊಟಕ್ಕೆ ಬಡಿಸಿದಾಗ, ಅದೇ ಎರಡು ತಟ್ಟೆ ನೋಡಿ ನನಗೆ ಏನಾಯಿತೋ, ಆ ಮಾತು ಬಾಯಿಂದ ಬಿದ್ದೇಹೋಯಿತು.

"ನಿನ್ನಿಂದಾನೇ ನಮ್ಮನ್ನ ಯಾರೂ ಕರೆಯಲ್ಲ. ನೀನು ಮೀನಿನೋಳು ಅಂತ."

ಅಮ್ಮ ಹೊಡೆದಳು. ಜೋರಾಗೇನಲ್ಲ. ಬಲಗೈ ಎಂಜಲಾದ್ದರಿಂದ ಎಡಗೈಯಲ್ಲಿ ಹೊಡೆದಳು, ಅದು ಕೆನ್ನೆಗೆ ಸರಿಯಾಗಿ ತಾಗಲೂ ಇಲ್ಲ. ನಾನು ಅನ್ನದ ತಟ್ಟೆ ಬಿಟ್ಟು ಎದ್ದು ಹೊರಗೆ ಓಡಿದೆ. ಅವಳು ಕರೆಯಲಿಲ್ಲ. ಎಲ್ಲಿಗೆ ಹೋಗುವುದು? ದಿಬ್ಬದ ಮೇಲೆ ಅಡಗಲು ಒಂದು ಮರವೂ ಇರಲಿಲ್ಲ. ಮಾಡಬಾರದು ಎಂದು ಅವಳು ಹೇಳಿದ್ದನ್ನೇ ಮಾಡಬೇಕು ಅನ್ನಿಸಿ, ಮೊಣಕಾಲು ನೀರಿಗಿಳಿದು ದೋಣಿ ಹತ್ತಿ ಅದರ ತಳದಲ್ಲಿ ಮಲಗಿಬಿಟ್ಟೆ. ಬಿಸಿಲು ಚುರುಗುಟ್ಟುತ್ತಿತ್ತು. ಇಳಿಸಿ ಸುತ್ತಿಟ್ಟಿದ್ದ ಹಾಯಿಯ ಕಟ್ಟು ಬಿಚ್ಚಿ, ಅದರ ಅಂಚನ್ನು ಎಳೆದು ಮೈಮೇಲೆ ಹೊದ್ದುಕೊಂಡೆ. ಅಮ್ಮ ಹುಡುಕಿಕೊಂಡು ಬರಲಿ, ಎಲ್ಲ ಕಡೆ ಹುಡುಕಿ ಸಿಗದೆ ಅಳಲಿ ಎಂದು ಕಾಯುತ್ತ ಕಾಯುತ್ತ ನಿದ್ದೆ ಹೋದೆ.

ಕಲ್ಲುಕಂಬದ ಅಂಚು ಹಗ್ಗವನ್ನು ತಿನ್ನುತ್ತದೆಂದು ಅಮ್ಮನಿಗೆ ಗೊತ್ತಿತ್ತು. ಎಂಟು ದಿನಕ್ಕೊಮ್ಮೆ ಹಗ್ಗದ ಜಾಗ ಬದಲಿಸಿ ಕಟ್ಟುತ್ತಿದ್ದಳು. ಆ ವಾರ ಬದಲಿಸಿರಲಿಲ್ಲ. ನಾನು ಕಣ್ಣು ಬಿಟ್ಟಾಗ ದೋಣಿ ಓಲಾಡುವ ರೀತಿಯೇ ಬೇರೆಯಾಗಿತ್ತು. ಎದ್ದು ನೋಡಿದರೆ ಕಂಬ ದೂರ ಹೋಗಿತ್ತು. ತುದಿ ಹರಿದ ಹಗ್ಗ ನೀರಿನಲ್ಲಿ ನಮ್ಮ ಹಿಂದೆ ತೇಲಿಕೊಂಡು ಬರುತ್ತಿತ್ತು. ನಾನು ಎದ್ದದ್ದೇ ತಡ, ಮೈಮೇಲಿದ್ದ ಬಟ್ಟೆಯೊಳಗೆ ಗಾಳಿ ನುಗ್ಗಿತು. ಅರ್ಧ ಬಿಚ್ಚಿದ್ದ ಹಾಯಿ ಪಟಪಟ ಹೊಡೆದುಕೊಂಡು, ಒಮ್ಮೆಲೇ ಹೊಟ್ಟೆ ಉಬ್ಬಿಸಿ, ದೋಣಿಯನ್ನು ಪಶ್ಚಿಮಕ್ಕೆ ತಿರುಗಿಸಿತು. ನಾನು ಕಿರುಚಿದೆ. ಅಮ್ಮ ಮನೆಯೊಳಗಿಂದ ಓಡಿಬಂದಳು, ನಿಲ್ಲದೆ ಹಾಗೇ ನೀರಿಗೆ ಬಿದ್ದಳು. ಅವಳು ಈಜುವುದನ್ನು ಎಷ್ಟೋ ಸಲ ನೋಡಿದ್ದೆ, ಅಷ್ಟು ವೇಗವಾಗಿ ಈಜಿದ್ದನ್ನು ನೋಡಿರಲಿಲ್ಲ. ಅವಳ ತಲೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಕೈ ಚಾಚಿದರೆ ತೇಲುವ ಹಗ್ಗದ ತುದಿ ಸಿಗುತ್ತಿತ್ತೇನೋ. ಅಷ್ಟರಲ್ಲಿ ಇನ್ನೊಂದು ಗಾಳಿ ಬಂತು.

"ಕೂಕೋ! ನಿಲ್ಬೇಡ, ತಳದಾಗೆ ಕೂಕೋ!"

ನಾನು ಕೂತೆ. ನೀರಿನಡಿಯಿಂದ ಒಣ ಮರಗಳ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿದ್ದವು. ಒಂದಕ್ಕೆ ದೋಣಿ ತಾಗಿ ಗಿರ್ರನೆ ತಿರುಗಿತು. ನಿಂತಿದ್ದರೆ ಅವತ್ತೇ ನನ್ನ ಕತೆ ಮುಗಿಯುತ್ತಿತ್ತು. ಅಂಚು ಹಿಡಿದುಕೊಂಡು ಹಿಂದೆ ನೋಡಿದೆ. ಅಮ್ಮನ ತಲೆ ತೆಂಗಿನಕಾಯಿಯಷ್ಟಾಗಿ, ನಿಂಬೆಹಣ್ಣಿನಷ್ಟಾಯಿತು. ಆಮೇಲೆ ಅದು ತಿರುಗಿತು. ಅವಳು ವಾಪಸು ಮನೆಯ ದಡದ ಕಡೆಗೆ ಈಜತೊಡಗಿದಳು. ನಾನು ಇಲ್ಲಿ ಒಬ್ಬಳೇ ತೇಲಿಹೋಗುತ್ತಿದ್ದೇನೆ, ಅಮ್ಮ ನನ್ನನ್ನು ಬಿಟ್ಟು ತಿರುಗಿ ಹೋಗುತ್ತಿದ್ದಾಳೆ. ಆಗ ನನ್ನ ಅಳು ನಿಂತುಹೋಯಿತು. ಅದುವರೆಗೆ ಭಯವಿತ್ತು. ಆಮೇಲೆ ಇದ್ದದ್ದು ಭಯವಲ್ಲ. ಅದಕ್ಕೆ ಏನು ಹೆಸರು ಎಂದು ಈ ವಯಸ್ಸಿನಲ್ಲೂ ನನಗೆ ಗೊತ್ತಿಲ್ಲ.

ಮೂಡಗಾಳಿ ದೋಣಿಯನ್ನು ನೇರ ಅಜ್ಜಿಯ ಊರಿನ ದಡಕ್ಕೇ ತಂದು ಬಿಟ್ಟಿತು. ದನಗಳಿಗೆ ನೀರು ಕುಡಿಸಲು ಬಂದಿದ್ದ ಒಬ್ಬರು ಎದೆಮಟ್ಟ ನೀರಿಗಿಳಿದು ಹಗ್ಗ ಹಿಡಿದುಕೊಂಡರು. ಬಿಳಿ ಮೀಸೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ನನ್ನ ಮುಖವನ್ನೇ ನೋಡುತ್ತ ನಿಂತರು. ನನ್ನ ಮೂಗು, ಹುಬ್ಬು ಅಪ್ಪನದೇ ಅಚ್ಚು. ಅವರು ನನ್ನ ದೊಡ್ಡಪ್ಪ. ಹೆಸರು ಕೇಳಲೂ ಇಲ್ಲ. ಎತ್ತಿಕೊಂಡು ಏರಿ ಹತ್ತಿ ಮನೆಯ ಅಂಗಳದಲ್ಲಿ ಇಳಿಸಿ ಒಳಗೆ ಕೂಗಿದರು.

"ಅವ್ವಾ, ಇಲ್ಲಿ ಬಾ. ನೀರಿನ ಮೇಲೆ ಯಾರು ಬಂದಾರೆ ನೋಡು."

ಅಜ್ಜಿ ಬಂದರು. ಕುಳ್ಳಗಿನ, ಬೆನ್ನು ಬಾಗಿದ ಹೆಂಗಸು. ನನ್ನ ಗಲ್ಲ ಹಿಡಿದೆತ್ತಿ ನೋಡಿ, "ಎಂತ ಬಡಕಲಾಗಿದೀಯೆ ತಾಯಿ" ಎಂದು ಅಲ್ಲೇ ಕುಸಿದು ಕೂತು ಅತ್ತರು. ನನಗಾಗಿ ಯಾರಾದರೂ ಹಾಗೆ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ದೊಡ್ಡಮ್ಮ ನನಗೆ ಬಿಸಿನೀರು ಹಾಕಿ ಅವರ ಮಗಳ ಲಂಗ ಉಡಿಸಿದರು. ಆ ಮಗಳು ಸುಮ, ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ನನ್ನ ಕೈಯನ್ನು ಬಿಡಲೇ ಇಲ್ಲ. ಊಟಕ್ಕೆ ಕೂತಾಗ ನನ್ನದು ಬಿಟ್ಟು ಸಾಲಾಗಿ ಒಂಬತ್ತು ತಟ್ಟೆ. ಬಿಸಿ ಅಕ್ಕಿರೊಟ್ಟಿ, ಬೆಣ್ಣೆ, ಬದನೆಕಾಯಿ ಎಣ್ಣೆಗಾಯಿ. ಒಬ್ಬರು ಮಾತಾಡಿ ಮುಗಿಸುವುದರೊಳಗೆ ಇನ್ನೊಬ್ಬರು ಶುರು ಮಾಡುತ್ತಿದ್ದರು. ಆ ಮಾಡಿನ ಕೆಳಗೆ ಮಾತು ತಿರುಗಿ ಬರುತ್ತಿರಲಿಲ್ಲ, ಯಾರೋ ಒಬ್ಬರು ಹಿಡಿದುಕೊಳ್ಳುತ್ತಿದ್ದರು. ನಾನು ನಾಲ್ಕು ರೊಟ್ಟಿ ತಿಂದೆ. ಅಮ್ಮನ ನೆನಪು ಬಂದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ.

ದೀಪ ಹಚ್ಚುವ ಹೊತ್ತಿಗೆ ಅಮ್ಮ ಬಂದಳು. ನೀರನ್ನು ಬಳಸಿಕೊಂಡು ಹೋಗುವ ರಸ್ತೆ ಹನ್ನೆರಡು ಮೈಲಿಗೂ ಹೆಚ್ಚು. ಅಷ್ಟನ್ನೂ ಒದ್ದೆ ಸೀರೆಯಲ್ಲೇ ನಡೆದು, ಓಡಿ ಬಂದಿದ್ದಳು. ಸೀರೆ ಮೈಮೇಲೇ ಒಣಗಿ ಕೆಸರಿನ ಗೆರೆ ಬಿದ್ದಿತ್ತು, ಒಂದು ಕಾಲಿನ ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು. ಅಂಗಳದ ನಡುವೆ ನಿಂತು, ಜಗಲಿಯ ಮೇಲೆ ಸುಮಳ ಪಕ್ಕ ಕೂತಿದ್ದ ನನ್ನನ್ನು ನೋಡಿದಳು. ನನಗೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅಜ್ಜಿ ಒಂದು ಚೊಂಬು ನೀರು ತಂದು ಜಗಲಿಯ ಅಂಚಿನಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಅಮ್ಮ ಅದನ್ನು ಎತ್ತಿ ಉಸಿರು ತೆಗೆಯದೆ ಕುಡಿದಳು. ಮದುವೆಯಾಗಿ ಹತ್ತು ವರ್ಷದ ನಂತರ ಅತ್ತೆ ಸೊಸೆಯರು ಮೊದಲ ಸಲ ಎದುರಾಬದುರಾದದ್ದು ಹೀಗೆ. ಅಜ್ಜಿ ಅವಳ ಮುಖ ನೋಡದೆ, ಆದರೆ ಮೆತ್ತಗಿನ ದನಿಯಲ್ಲೇ ಮಾತಾಡಿದರು.

"ಕೂಸು ಇಲ್ಲೇ ಇರ್ಲಿ ಕಣೇ. ಅಲ್ಲಿ ನೀರಿನ ಮಧ್ಯ ಎಂತ ಇದೆ? ಇಲ್ಲಾದ್ರೆ ಶಾಲೆ ಹತ್ರ, ಜೊತೆಗೆ ಮಕ್ಕಳಿದಾವೆ. ಇವತ್ತು ಬದುಕ್ತು, ನಾಳೆ ಏನಾದ್ರೂ ಆದ್ರೆ?"

ಅಮ್ಮ ಚೊಂಬು ಕೆಳಗಿಟ್ಟಳು. ಜಗಳಕ್ಕೆ ನಿಲ್ಲಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು.

"ಮನಿಗ್ ಬತ್ಯಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಕಣ್ಣ ಮುಂದೆ ಬಂದದ್ದು ನೀರಿನಲ್ಲಿ ತಿರುಗಿ ದೂರವಾದ ಅವಳ ತಲೆ. "ನಾನು ಇಲ್ಲೇ ಇರ್ತೀನಿ" ಎಂದೆ. ಅಮ್ಮ ತಲೆಯಾಡಿಸಿದಳು, ಅಂಗಡಿಯವನು ಸಾಮಾನು ಇಲ್ಲ ಎಂದಾಗ ನಾವು ತಲೆಯಾಡಿಸುತ್ತೇವಲ್ಲ, ಹಾಗೆ. ದೊಡ್ಡಪ್ಪ ಅವಳಿಗೆ ಜಗಲಿಯಲ್ಲಿ ಮಲಗಲು ಹೇಳಿದರು. ಅವಳು ದೋಣಿಯಲ್ಲೇ ಮಲಗಿದ್ದಳೆಂದು ಬೆಳಿಗ್ಗೆ ಗೊತ್ತಾಯಿತು. ನಾನು ಏಳುವಷ್ಟರಲ್ಲಿ ಹೊರಟುಹೋಗಿದ್ದಳು. ಗಾಳಿ ಎದುರಿತ್ತು. ಕಂದು ಹಾಯಿ ಬಲಕ್ಕೆ ಬಹುದೂರ ಹೋಗಿ, ತಿರುಗಿ ಎಡಕ್ಕೆ ಬಹುದೂರ ಹೋಗಿ, ಮತ್ತೆ ಬಲಕ್ಕೆ ತಿರುಗುತ್ತಿತ್ತು. ಆ ಒಂದು ಮೈಲಿ ದಾಟಲು ಅವಳಿಗೆ ಇಡೀ ಬೆಳಿಗ್ಗೆ ಬೇಕಾಯಿತು. ಅಷ್ಟು ಹೊತ್ತೂ ನಾನು ಏರಿಯ ಮೇಲೆ ನಿಂತು ನೋಡಿದೆ. ಈಗಲೂ ಯಾರ ಮನೆಯಲ್ಲಾದರೂ ಸಹಜವಾಗಿ, ಇರ್ತೀರೋ ಹೋಗ್ತೀರೋ ಎಂದು ಕೇಳಿದರೆ ನನಗೆ ಆ ಕಂದು ಹಾಯಿ ಕಾಣುತ್ತದೆ. ಕೇಳಿದವರಿಗೆ ಅದು ತಿಳಿಯುವುದಿಲ್ಲ.

ಅಜ್ಜಿಯ ಮನೆಯಲ್ಲಿ ನನ್ನನ್ನು ಚೆನ್ನಾಗಿ ನೋಡಿಕೊಂಡರು. ಅಲ್ಲಿಯ ಶಾಲೆಗೆ ಸೇರಿಸಿದರು. ಅಜ್ಜಿ ದಿನಾ ನನ್ನ ಹಣೆಗೆ ವಿಭೂತಿ ಹಚ್ಚಿ, ಸ್ನಾನ ಮಾಡದೆ ಏನೂ ತಿನ್ನಬಾರದೆಂದು ಹೇಳಿಕೊಟ್ಟರು. ಮೊದಲ ವಾರ ನಾನು ಸ್ವರ್ಗದಲ್ಲಿದ್ದೆ. ಆಮೇಲಾಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಸುಮ ಕಸ ಗುಡಿಸದಿದ್ದರೆ ಬೈಗುಳ ತಿನ್ನುತ್ತಿದ್ದಳು, ಅವಳ ತಮ್ಮಂದಿರು ಕೊಟ್ಟಿಗೆಗೆ ಸೊಪ್ಪು ತರದಿದ್ದರೆ ಏಟು ತಿನ್ನುತ್ತಿದ್ದರು. ನನಗೆ ಯಾರೂ ಬೈಯಲಿಲ್ಲ. ನಾನು ಪೊರಕೆ ಹಿಡಿದರೆ ದೊಡ್ಡಮ್ಮ ಕಿತ್ತುಕೊಂಡು, "ನೀನ್ಯಾಕೆ ಮಾರಾಯ್ತಿ, ಕೂತ್ಕೋ" ಎನ್ನುತ್ತಿದ್ದರು. ಒಲೆಯ ಹತ್ತಿರ, ನೀರಿನ ಹಂಡೆಯ ಹತ್ತಿರ ನಾನು ಹೋದರೆ ಅಜ್ಜಿ ಮಾತು ನಿಲ್ಲಿಸಿ ನನ್ನ ಕೈ ನೋಡುತ್ತಿದ್ದರು. ಆಮೇಲೆ ಹಾಗೆ ನೋಡಿದ್ದಕ್ಕೆ ತಾವೇ ನೊಂದುಕೊಂಡು ಕರೆದು ಬೆಲ್ಲ ಕೊಡುತ್ತಿದ್ದರು. ಮನೆಯಲ್ಲಿ ಮೀನು ತಿಂತೀಯಂತೆ, ಹೌದಾ ಎಂದು ಮಕ್ಕಳು ಕೇಳಿದಾಗ ಇಲ್ಲ ಎಂದೆ. ಒಂಬತ್ತು ತಟ್ಟೆ ಹತ್ತಾಗಿತ್ತು. ಹತ್ತನೆಯದು ಯಾವಾಗಲೂ ಸಾಲಿನ ತುದಿಗೆ.

ಅಪ್ಪ ಬಂದ. ಹೆಂಡತಿಯಿಂದ ಸುದ್ದಿ ಕೇಳಿ ಕೋಪ ಮಾಡಿಕೊಂಡು ಬಂದಿದ್ದನೋ ಏನೋ, ಅಂಗಳದಲ್ಲಿ ನಿಂತವನ ಮುಖ ಬಿಗಿದಿತ್ತು. ಅಜ್ಜಿ "ಊಟ ಮಾಡ್ಕೊಂಡು ಹೋಗು" ಎಂದರು, ಅಷ್ಟೇ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ತಾಯಿ ಬಡಿಸಿದ ಅನ್ನವನ್ನು ಕಲಸುತ್ತ ಕಲಸುತ್ತ, ತಿನ್ನಲಾಗದೆ ಮುಖ ತಗ್ಗಿಸಿ ಕೂತಿದ್ದ. ನಾನು ಅಲ್ಲಿರುವುದರಿಂದ ಅಪ್ಪನಿಗೆ ಅವನ ಮನೆ ಸಿಕ್ಕಿತು ಎಂದು ಆ ವಯಸ್ಸಿನಲ್ಲೇ ನನಗೆ ಹೊಳೆಯಿತು. ಹೊರಡುವಾಗ ಅವನು ನನ್ನನ್ನು ವಾಪಸು ಕರೆಯಲೂ ಇಲ್ಲ, ಇಲ್ಲೇ ಇರು ಎನ್ನಲೂ ಇಲ್ಲ. ತಲೆ ಸವರಿ, ಲಾರಿ ಹತ್ತಿದ.

ಪ್ರತಿ ಶನಿವಾರ ಮಧ್ಯಾಹ್ನ ಅಮ್ಮ ಬರುತ್ತಿದ್ದಳು. ದೋಣಿಯನ್ನು ದಡಕ್ಕೆ ತಾಗಿಸಿ ಅಲ್ಲೇ ಕಾಯುತ್ತಿದ್ದಳು, ಮನೆಯವರೆಗೆ ಬರುತ್ತಿರಲಿಲ್ಲ. ನಾನು ಇಳಿದುಹೋಗಿ ಅವಳ ಎದುರಿನ ಹಲಗೆಯ ಮೇಲೆ ಕೂರುತ್ತಿದ್ದೆ. ಅವಳು ನನ್ನ ಜಡೆ ಬಿಚ್ಚಿ ಬಾಚಿ ಹೆಣೆಯುತ್ತಿದ್ದಳು. ಶಾಲೆ ಹೇಗಿದೆ, ಊಟ ಆಯಿತಾ, ಚಳಿಯಾಗುತ್ತದಾ ಎಂದೆಲ್ಲ ಕೇಳುತ್ತಿದ್ದಳು. ನೆಂಟರ ಮಕ್ಕಳನ್ನು ಮಾತಾಡಿಸುವ ಹಾಗೆ. ಮೂರನೆಯ ಶನಿವಾರವೋ ನಾಲ್ಕನೆಯದೋ, ಅವಳು ಕೆನ್ನೆ ಮುಟ್ಟಿದಾಗ ನಾನು ಮುಖ ಹಿಂದಕ್ಕೆ ತೆಗೆದು, "ನಿನ್ನ ಕೈ ಮೀನು ವಾಸನೆ" ಎಂದೆ. ಅವಳು ಕೈ ಎಳೆದುಕೊಂಡಳು. ಮುಂದಿನ ವಾರ ಬಂದಾಗ ಅವಳ ಕೈಯಿಂದ ಸೀಗೆಕಾಯಿಯ, ನಿಂಬೆಯ ಘಾಟು ಬರುತ್ತಿತ್ತು. ಉಜ್ಜಿ ಉಜ್ಜಿ ಬೆರಳಿನ ತುದಿಗಳು ಕೆಂಪಾಗಿದ್ದವು. ಜಡೆ ಹಾಕುವಾಗ ಅವಳು ನನ್ನ ಮುಖಕ್ಕೆ ಕೈ ತಾಗದಂತೆ ನೋಡಿಕೊಂಡಳು.

ಸಂಕ್ರಾಂತಿಯ ಹೊತ್ತಿಗೆ ಒಂದು ಶನಿವಾರ ಅಮ್ಮ ಬರಲಿಲ್ಲ. ಏರಿಯ ಮೇಲೆ ಸಂಜೆಯವರೆಗೆ ಕೂತೆ. ಗಾಳಿಯಿತ್ತು, ನೀರಿತ್ತು, ಹಾಯಿ ಇರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಎದುರು ದಡದ ನಮ್ಮ ತಗಡಿನ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು, ಹೊಗೆ ಕಾಣುತ್ತಿರಲಿಲ್ಲ. ಈ ಮನೆಯಲ್ಲಿ ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ನಾನು ಕೇಳಿದ್ದಕ್ಕೆ ಅಜ್ಜಿ, "ಬತ್ತಾಳೆ ಬಿಡು" ಎಂದರು. ಭಾನುವಾರ ಇಡೀ ನನಗೆ ಅನ್ನ ಇಳಿಯಲಿಲ್ಲ. ಸೋಮವಾರ ಶಾಲೆಗೆಂದು ಹೊರಟು, ಶಾಲೆಯ ಮುಂದೆಯೇ ಹಾದು, ರಸ್ತೆ ಹಿಡಿದು ನಡೆದೆ. ಅಮ್ಮ ಅವತ್ತು ಬಂದ ರಸ್ತೆಯೇ ಅದು. ಎಲ್ಲಿ ತಿರುಗಬೇಕೆಂದು ಎರಡು ಕಡೆ ಕೇಳಿದೆ. ಒಂದು ಮೈಲಿಯಷ್ಟು ದೂರ ಯಾರೋ ಎತ್ತಿನಗಾಡಿಯಲ್ಲಿ ಕೂರಿಸಿಕೊಂಡರು. ಅಷ್ಟು ನಡೆದ ಮೇಲೂ ನೀರು ಮುಗಿಯದೆ ಪಕ್ಕದಲ್ಲೇ ಬರುತ್ತಿದ್ದಾಗ, ಇದನ್ನು ಅಮ್ಮ ಒದ್ದೆ ಸೀರೆಯಲ್ಲಿ, ನಾನು ಬದುಕಿದ್ದೇನೋ ಇಲ್ಲವೋ ಎಂದು ತಿಳಿಯದೆ ದಾಟಿದಳು ಎನ್ನುವುದು ಮೊದಲ ಸಲ ನನ್ನ ತಲೆಗೆ ಹೋಯಿತು.

ಮನೆ ಮುಟ್ಟುವಾಗ ಬಿಸಿಲು ಇಳಿಮುಖವಾಗಿತ್ತು. ದೋಣಿ ದಡದ ಮೇಲೆ ಮಗುಚಿ ಬಿದ್ದಿತ್ತು, ತಳದ ಒಂದು ಹಲಗೆ ಒಡೆದಿತ್ತು. ನೀರು ಇಳಿಯತೊಡಗಿ ಮೇಲೆದ್ದಿದ್ದ ಯಾವುದೋ ಬೊಡ್ಡೆಗೆ ತಾಗಿರಬೇಕು. ಒಳಗೆ ಅಮ್ಮ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ದೋಣಿ ಒಡೆದಾಗ ಸೀಳಿದ ಪಾದಕ್ಕೆ ಬಟ್ಟೆ ಸುತ್ತಿತ್ತು, ಕಾಲು ಮೊಣಕಾಲಿನವರೆಗೆ ಊದಿತ್ತು. ಹಣೆ ಸುಡುತ್ತಿತ್ತು. ಒಲೆಯ ಬೂದಿ ತಣ್ಣಗಿತ್ತು. ಅವಳು ಕಣ್ಣು ಬಿಟ್ಟು ನೋಡಿ, ಮತ್ತೆ ಮುಚ್ಚಿಕೊಂಡಳು. ಜ್ವರದಲ್ಲಿ ಕಾಣುವುದನ್ನೆಲ್ಲ ನಂಬಬಾರದು ಎಂದುಕೊಂಡಿರಬೇಕು. ನಾನು ಒಲೆ ಹೊತ್ತಿಸಿದೆ. ಅಕ್ಕಿ ತೊಳೆದು ಗಂಜಿಗಿಟ್ಟೆ. ನನ್ನ ಜೀವನದ ಮೊದಲ ಅಡುಗೆ ಅದು. ಅವಳನ್ನು ಎಬ್ಬಿಸಿ ಗೋಡೆಗೆ ಒರಗಿಸಿ, ಚಮಚದಿಂದ ಕುಡಿಸಿದೆ. ಎರಡು ಚಮಚ ಆದ ಮೇಲೆ ಬಟ್ಟಲನ್ನು ಅವಳೇ ತೆಗೆದುಕೊಂಡಳು. ಖಾಲಿ ಮಾಡಿ, ಇನ್ನೊಂದು ಬಟ್ಟಲು ಕೇಳಿದಳು. ಆಗ ನಾನು ಎರಡು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿದೆ.

"ಅವತ್ತು ನೀನು ಯಾಕೆ ತಿರುಗಿ ಹೋದೆ?"

ಅವಳಿಗೆ ಯಾವುದರ ಬಗ್ಗೆ ಕೇಳುತ್ತಿದ್ದೇನೆಂದು ತಕ್ಷಣ ತಿಳಿಯಿತು.

"ದೋಣಿ ಮುಟ್ಟೂಕೆ ಆತಿರ್ಲಿಲ್ಲ ಮಗ. ಕೈ ಸೋತಿತ್ತು. ನಾನಲ್ಲೇ ಮುಳ್ಗಿರೆ ನಿನ್ನ ಕರ್ಕಂಡ್ ಬಪ್ಪುಕೆ ಯಾರಿದ್ರು?"

ಬಟ್ಟಲು ಕೆಳಗಿಟ್ಟು, "ಗಾಳಿ ಅದೇ ದಡಕ್ಕೆ ಹೋತ್ತು ಅಂತ ನಂಗ್ ಗೊತ್ತಿತ್ತು" ಎಂದಳು. ಮತ್ತೆ ಮಲಗಿದಳು. ನಾನು ಅವಳ ಕೈಯನ್ನು ಎತ್ತಿ ನನ್ನ ಕೆನ್ನೆಯ ಕೆಳಗಿಟ್ಟುಕೊಂಡು ಪಕ್ಕದಲ್ಲೇ ಮಲಗಿದೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಸೈಕಲ್ ತುಳಿದುಕೊಂಡು ಬಂದರು. ಆ ದಿಬ್ಬಕ್ಕೆ ಅವರು ಬಂದದ್ದು ಅದೇ ಮೊದಲು. ಹಿಂದಿನ ದಿನ ಮಧ್ಯಾಹ್ನದಿಂದ ಹುಡುಕಿಸಿ ಸುಸ್ತಾಗಿದ್ದರು, ಬೈಯಲೆಂದೇ ಬಂದವರು ಅಮ್ಮನ ಕಾಲು ನೋಡಿ ಸುಮ್ಮನಾದರು. ಸೈಕಲ್ಲಿನಲ್ಲೇ ಪೇಟೆಗೆ ಹೋಗಿ ಡಾಕ್ಟರನ್ನು ಜೀಪಿನಲ್ಲಿ ಕರೆತಂದರು. ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಡಾಕ್ಟರು ಹೋದ ಮೇಲೆ ಹೊಸಿಲಿನ ಹೊರಗೆ ನಿಂತು ನನ್ನನ್ನು ಕೇಳಿದರು.

"ಹೋಗಾದಾ ಮಗಳೇ? ಅಜ್ಜಿ ನಿನ್ನೆಯಿಂದ ಒಂದು ತುತ್ತು ತಿಂದಿಲ್ಲ."

ಅಜ್ಜಿ ನೆನಪಾಗಿ ನನಗೆ ಅಳು ಬಂತು. ಅಪ್ಪನೂ ನೆನಪಾದ. ಅಮ್ಮ ಗೋಡೆಗೆ ಒರಗಿ ಕಿಟಕಿಯಾಚೆ ನೋಡುತ್ತಿದ್ದಳು, ಆ ಮಾತು ತನಗೆ ಸಂಬಂಧಿಸಿದ್ದೇ ಅಲ್ಲ ಎನ್ನುವ ಹಾಗೆ. ನಾನು ಬರಲ್ಲ ದೊಡ್ಡಪ್ಪ ಎಂದೆ. ಅವರು ಒತ್ತಾಯಿಸಲಿಲ್ಲ. ಅಪ್ಪ ಆಮೇಲೂ ಆ ಮನೆಗೆ ಹೋಗುವುದನ್ನು ಬಿಡಲಿಲ್ಲ, ನಾನೂ ಹಬ್ಬಗಳಿಗೆ ಹೋಗುತ್ತಿದ್ದೆ. ಅಮ್ಮ ಹೋಗಲಿಲ್ಲ, ಅಜ್ಜಿ ಕರೆಯಲಿಲ್ಲ. ಇಬ್ಬರೂ ಹಾಗೇ ಇದ್ದು ಹಾಗೇ ಹೋದರು. ಅದನ್ನು ಸರಿಮಾಡಲು ನನ್ನಿಂದ ಆಗಲಿಲ್ಲ.

ದೊಡ್ಡಪ್ಪನ ಸೈಕಲ್ಲು ದಿಬ್ಬ ಇಳಿದು ಕಾಣದಾದ ಮೇಲೆ ನಾನು ಏನು ಮಾಡಬೇಕೆಂದು ತೋಚದೆ ಬಾಗಿಲ ಹತ್ತಿರ ನೆಂಟರ ಹಾಗೆ ನಿಂತಿದ್ದೆ. ಅಮ್ಮ ಕಿಟಕಿಯಿಂದ ಕಣ್ಣು ತೆಗೆದು ಒಲೆಯ ಕಡೆ, ನಾನು ಹಿಂದಿನ ದಿನ ಸೀಯಿಸಿಟ್ಟ ಪಾತ್ರೆಯ ಕಡೆ, ಬರಿದಾದ ಕೊಡದ ಕಡೆ ನೋಡಿದಳು. ಹುಬ್ಬು ಗಂಟಿಕ್ಕಿತು.

"ಎಂತ ಕಂಬದಂಗೆ ನಿಂತ್ಕಂಡಿದ್ದೆ ಹೆಣ್ಣೆ? ಗಂಜಿ ಬೇಯ್ಸುಕೆ ಇಷ್ಟ್ ಉಪ್ಪ್ ಹಾಕೂದಾ? ಪಾತ್ರೆ ಯಾರ್ ತೊಳಿತ್ರ್, ನಿನ್ನಪ್ಪನಾ? ಹೋಯ್ ನೀರ್ ತಕಂಡ್ ಬಾ!"

ಎರಡು ತಿಂಗಳ ಮೇಲೆ ಅಮ್ಮ ನನ್ನ ಮೇಲೆ ರೇಗಿದ್ದಳು. ನಾನು ಕೊಡ ಎತ್ತಿಕೊಂಡು ನೀರಿಗೆ ಓಡಿದೆ.